ಸ್ಟ್ರೈಕರ್ ಯಾಕೆ ನಿಲ್ಲಲಿಲ್ಲ?

ಕಳೆದ ಮಳೆಗಾಲದ ಒಂದು ಶುಕ್ರವಾರ. ಐರೋಲಿಯ ಆಫೀಸು ಮುಗಿಸಿ, ಠಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಯ ಮನೆ ಸೇರುವಾಗ ರಾತ್ರಿ ಒಂಬತ್ತೂವರೆ. ಬಾಗಿಲು ತೆರೆದ ಅಪ್ಪ, ನಾನು ಚಪ್ಪಲಿ ಕಳಚುವ ಮೊದಲೇ ಸಣ್ಣ ದನಿಯಲ್ಲಿ ಹೇಳಿದರು: "ಮಾಣಿ ಊಟ ಮಾಡ್ಲಿಲ್ಲ. ಊರಿಗೆ ವಾಪಸ್ ಹೋತೆ ಅಂತ ಕೂತಿದ್ದಾನೆ."

ಮಾಣಿ ಅಂದರೆ ನನ್ನ ಅಕ್ಕನ ಮಗ. ಕುಂದಾಪುರದ ಬದಿಯ ಹಳ್ಳಿಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ. ಒಳ್ಳೆಯ ಅಂಕ ಬಂದಿತ್ತು. ಭಾವ ಠಾಣೆಯ ಹೋಟೆಲಿನಲ್ಲಿ ಕೆಲಸ ಮಾಡುವುದರಿಂದ, ಮುಂದಿನ ಓದು ಇಲ್ಲೇ ಆಗಲಿ, ಮಾವನ ಮನೆಯಲ್ಲಿದ್ದರೆ ಲೆಕ್ಕ ವಿಜ್ಞಾನಕ್ಕೂ ಅನುಕೂಲ ಎಂದು ಎಲ್ಲರೂ ಸೇರಿ ತೀರ್ಮಾನಿಸಿ ಅವನನ್ನು ಕರೆತಂದಿದ್ದೆವು. ಹನ್ನೊಂದನೆಯ ತರಗತಿ, ವಿಜ್ಞಾನ, ಇಂಗ್ಲಿಷು. ಮೊದಲ ಯೂನಿಟ್ ಟೆಸ್ಟಿನಲ್ಲಿ ಭೌತಶಾಸ್ತ್ರಕ್ಕೆ 25ರಲ್ಲಿ 6 ಬಂದಿತ್ತು. ಕಾಮರ್ಸಿಗೆ ಬದಲಾಯಿಸಿಕೊಳ್ಳಲು ಕಾಲೇಜಿನಲ್ಲಿ ಇನ್ನು ಹತ್ತು ದಿನ ಅವಕಾಶವಿತ್ತು. ಅವನಿಗೆ ಅದೂ ಬೇಡ, ಊರೇ ಸಾಕು.

ಅಪ್ಪನ ಮುಖ ನೋಡಿ ನನಗೆ ಹೆಚ್ಚು ಸಂಕಟವಾಯಿತು. ಅಪ್ಪ ಹದಿನಾಲ್ಕನೆಯ ವಯಸ್ಸಿಗೆ ಮಾಟುಂಗದ ಹೋಟೆಲಿಗೆ ಬಂದಾಗ, ಆ ಕಾಲದ ಹೋಟೆಲಿನ ಭಾಷೆಯಲ್ಲಿ ಅವರೂ 'ಮಾಣಿ'ಯೇ. ಹಗಲೆಲ್ಲ ಲೋಟ ತೊಳೆದು, ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಎಸ್ಸೆಸ್ಸಿಯವರೆಗೆ ಓದಿದವರು. ಅದರ ಮುಂದಿನ ದಾರಿ ಅವರಿಗೆ ಇರಲಿಲ್ಲ. ಮೊಮ್ಮಗ ತಾನಾಗಿ ಆ ದಾರಿ ಬಿಟ್ಟು ಬರುತ್ತೇನೆಂದರೆ ಅವರಿಗೆ ಹೇಗಾಗಿರಬೇಕು!

ಊಟಕ್ಕೆ ಎಬ್ಬಿಸಿ ಉತ್ತರ ಪತ್ರಿಕೆ ತೋರಿಸು ಅಂದೆ. ಒಂದು ಲೆಕ್ಕ ಹೀಗಿತ್ತು: ತಲಾ 2 ಕಿಲೋ ತೂಕದ ಎರಡು ಗಾಡಿಗಳು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಎದುರುಬದುರಾಗಿ ಬರುತ್ತಿವೆ. ಒಟ್ಟು ಸಂವೇಗ ಎಷ್ಟು? ಮಾಣಿ 12 ಎಂದು ಬರೆದಿದ್ದ. ಸರಿಯುತ್ತರ ಸೊನ್ನೆ. ಎರಡಕ್ಕೂ ಆರಾರು ಸಂವೇಗವಿದ್ದರೂ ದಿಕ್ಕು ಬೇರೆ. ಒಂದನ್ನು ಪ್ಲಸ್ ಎಂದರೆ ಇನ್ನೊಂದು ಮೈನಸ್. "ಎರಡೂ ಅಷ್ಟು ಜೋರಲ್ಲಿ ಬರ್ತಾ ಇವೆ ಮಾವ, ಸೊನ್ನೆ ಹೇಗಾಗ್ತದೆ? ಕ್ಲಾಸಲ್ಲಿ ಕೇಳುವ ಅಂತ ಇದ್ದೆ. ಇಂಗ್ಲಿಷಲ್ಲಿ ಹೇಗೆ ಕೇಳುವುದು ಗೊತ್ತಾಗ್ಲಿಲ್ಲ" ಅಂದ.

ಆ ಮಾತು ನನಗೆ ನೇರ ತಾಗಿತು. ಪಿಯುಸಿಯಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ, ಎಲ್ಲರೆದುರು, ಕರಿಹಲಗೆಯ ಮುಂದೆ ನಿಂತು. ತರಗತಿ ಗೊಳ್ಳೆಂದು ನಕ್ಕಿತು. ಆಮೇಲೆ ಎರಡು ವರ್ಷ ಭೌತಶಾಸ್ತ್ರದ ತರಗತಿಯಲ್ಲಿ ನಾನು ಬಾಯಿ ತೆರೆದದ್ದಿಲ್ಲ. ಸೂತ್ರ ಬಾಯಿಪಾಠ ಮಾಡಿ ಪಾಸಾದೆ, ಇಂಜಿನಿಯರಿಂಗ್ ಆಯಿತು, ಎಂ.ಟೆಕ್ ಆಯಿತು, ಇಷ್ಟು ವರ್ಷ ಸಾಫ್ಟ್‌ವೇರಿನಲ್ಲಿ ಅನ್ನ ತಿಂದೆ. ಆದರೆ ಆ ಸೊನ್ನೆ ಯಾಕೆ ಎಂಬುದು ಒಳಗಿನಿಂದ ಅರ್ಥವಾದದ್ದು ಬಹಳ ತಡವಾಗಿ.

ನಾವಿಬ್ಬರೇ ದಡ್ಡರಲ್ಲ ಎಂದು ಮಾಣಿಗೆ ಹೇಳಿದೆ. 1644ರಲ್ಲಿ ಫ್ರಾನ್ಸಿನ ಮಹಾ ತತ್ತ್ವಜ್ಞಾನಿ ದೆಕಾರ್ತ್, ಜಗತ್ತಿನಲ್ಲಿರುವ ಒಟ್ಟು ಚಲನೆ ಬದಲಾಗುವುದಿಲ್ಲ ಎಂದು ಬರೆದ. ಆದರೆ ಅವನು ಗಾತ್ರವನ್ನು ಜವದಿಂದ ಗುಣಿಸಿ ಕೂಡಿಸಿದನೇ ಹೊರತು ದಿಕ್ಕನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹಾಗಾಗಿ ಡಿಕ್ಕಿಯ ಬಗ್ಗೆ ಅವನು ಕೊಟ್ಟ ನಿಯಮಗಳಲ್ಲಿ ಹೆಚ್ಚಿನವು ತಪ್ಪಾದವು. 1668ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಈ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡಾಗ ವಾಲಿಸ್, ರೆನ್, ಹೈಗೆನ್ಸ್ ಎಂಬ ಮೂವರು ದಿಕ್ಕನ್ನೂ ಸೇರಿಸಿ ಸರಿಯಾದ ಉತ್ತರ ಕೊಟ್ಟರು. "ದೆಕಾರ್ತ್‌ನಂಥವನಿಗೇ ಎಡವಿದ ಜಾಗ ಅದು. ನಿನಗೆ 6 ಬಂದದ್ದು ದೊಡ್ಡದಲ್ಲ" ಅಂದೆ. ಮಾಣಿ ನಗಲಿಲ್ಲ. ಆದರೆ ಊಟ ಮಾಡಿದ.

ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಬಿಚ್ಚಿದೆ. ಫೆಟ್ ಎಂಬ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್, ಮರುವರ್ಷ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ಯೋಜನೆ ಇದು. ವಿಜ್ಞಾನ ಮತ್ತು ಗಣಿತದ ಸಿಮ್ಯುಲೇಶನ್‌ಗಳನ್ನು ಯಾರು ಬೇಕಾದರೂ ಉಚಿತವಾಗಿ ಬ್ರೌಸರಿನಲ್ಲಿ ತೆರೆದು ಆಡಿಸಬಹುದು. ಅದರಲ್ಲಿ 'ಕೊಲಿಷನ್ ಲ್ಯಾಬ್' ಎಂಬುದೊಂದಿದೆ. ಪರದೆಯ ಮೇಲೆ ಚೆಂಡುಗಳು. ಪ್ರತಿಯೊಂದರ ತೂಕ ಮತ್ತು ವೇಗವನ್ನು ನಾವೇ ಇಡಬಹುದು. ಒತ್ತಿದರೆ ಡಿಕ್ಕಿ ಹೊಡೆಯುತ್ತವೆ. ವೇಗಕ್ಕೊಂದು ಬಾಣ, ಸಂವೇಗಕ್ಕೊಂದು ಬಾಣ, ಒಟ್ಟು ಸಂವೇಗಕ್ಕೆ ಇನ್ನೊಂದು. ಚೆಂಡು ಎಷ್ಟು ಪುಟಿಯಬೇಕು ಎಂಬುದನ್ನೂ ಸೊನ್ನೆಯಿಂದ ನೂರರವರೆಗೆ ಜಾರಿಸಿ ಹೊಂದಿಸಬಹುದು.

ಇನ್ನೇನು, ಹುಡುಗ ಆಡುತ್ತ ಆಡುತ್ತ ಕಲಿಯುತ್ತಾನೆ ಎಂದು ಅವನ ಕೈಗೆ ಕೊಟ್ಟು ನಾನು ಮಾರ್ಕೆಟ್ಟಿಗೆ ಹೋದೆ. ತರಕಾರಿ, ಮೀನು ಹಿಡಿದುಕೊಂಡು ಒಂದು ಗಂಟೆ ಬಿಟ್ಟು ಬಂದರೆ ಪರದೆಯ ಮೇಲೆ ನಾಲ್ಕೈದು ಚೆಂಡುಗಳು ಮನಬಂದಂತೆ ಓಡಾಡುತ್ತಿದ್ದವು. ಅಂಚಿಗೆ ಬಡಿದು ವಾಪಸಾಗುವ ಆಯ್ಕೆಯನ್ನು ಮಾಣಿ ಒತ್ತಿಟ್ಟಿದ್ದ. "ಮಾವ, ಪುಸ್ತಕದಲ್ಲಿರುವುದು ಸುಳ್ಳು. ಒಟ್ಟು ಬಾಣ ಆಗಾಗ ಬದಲಾಗ್ತಾನೇ ಇದೆ" ಅಂದ. ಅವನು ನೋಡಿದ್ದು ಸರಿಯೇ. ಚೆಂಡು ಗೋಡೆಗೆ ಬಡಿದಾಗಲೆಲ್ಲ ಒಟ್ಟು ಸಂವೇಗ ಬದಲಾಗುತ್ತದೆ, ಏಕೆಂದರೆ ಗೋಡೆ ಹೊರಗಿನದು, ಅದರ ತಳ್ಳುವಿಕೆಯನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ. ಹೊರಗಿನ ಬಲ ಇಲ್ಲದಿದ್ದರೆ ಮಾತ್ರ ಸಂವೇಗ ಉಳಿಯುತ್ತದೆ ಎಂಬ ಷರತ್ತನ್ನು ಅವನು ಗಮನಿಸಿರಲಿಲ್ಲ. ಒಂದು ಗಂಟೆ ಆಡಿ ಅವನು ಕಲಿತದ್ದು, ನಿಯಮ ಸುಳ್ಳು ಎಂಬುದನ್ನು. ತಪ್ಪು ನನ್ನದು. ಸಿಮ್ಯುಲೇಶನ್ ಕೊಟ್ಟರೆ ಪಾಠ ಕೊಟ್ಟಂತೆ ಎಂದು ಭಾವಿಸಿದ್ದೆ.

ಆ ಮಧ್ಯಾಹ್ನ ಒಂದು ಹಳೆಯ ನೋಟ್‌ಬುಕ್ ತಂದು ಒಂದೇ ನಿಯಮ ಮಾಡಿದೆವು. ಗುಂಡಿ ಒತ್ತುವ ಮೊದಲು ಏನಾಗುತ್ತದೆ ಎಂದು ಬರೆಯಬೇಕು. ಬರೆದದ್ದನ್ನು ಒರೆಸುವಂತಿಲ್ಲ. ನಾನೂ ಬರೆಯುತ್ತೇನೆ. ತಪ್ಪಾದರೆ ಯಾಕೆ ತಪ್ಪಾಯಿತು ಎಂದು ಕೆಳಗೆ ಕನ್ನಡದಲ್ಲೇ ಒಂದು ಸಾಲು.

ಮೊದಲು ಆ ಪರೀಕ್ಷೆಯ ಲೆಕ್ಕವನ್ನೇ ಇಟ್ಟೆವು. ಅಂಚಿನ ಆಯ್ಕೆ ತೆಗೆದು, ಎರಡು ಕಿಲೋ ಎರಡು ಕಿಲೋ, ಎದುರುಬದುರು, ಒಂದೇ ವೇಗ. ಎರಡು ಸಂವೇಗದ ಬಾಣಗಳು ಒಂದಕ್ಕೊಂದು ವಿರುದ್ಧ ನಿಂತಿದ್ದವು, ಒಟ್ಟು ಬಾಣವೇ ಇರಲಿಲ್ಲ. "ಪುಟಿಯದೇ ಅಂಟಿಕೊಂಡರೆ ಯಾವ ಕಡೆ ಹೋಗ್ತವೆ?" ಅಂತ ಕೇಳಿದೆ. ಮಾಣಿ ಸ್ವಲ್ಪ ಹೊತ್ತು ಯೋಚಿಸಿ "ಯಾವ ಕಡೆಗೂ ಇಲ್ಲ" ಎಂದು ಬರೆದ. ಒತ್ತಿದೆವು. ಎರಡೂ ಅಲ್ಲೇ ನಿಂತವು. ಎರಡೂ ಅಷ್ಟು ಜೋರಾಗಿ ಬರುತ್ತಿದ್ದರೂ ಒಟ್ಟು ಯಾಕೆ ಸೊನ್ನೆ ಎಂದು ನಾನು ಮತ್ತೆ ವಿವರಿಸಬೇಕಾಗಲಿಲ್ಲ.

ಅಂಟಿಕೊಂಡು ಒಟ್ಟಿಗೆ ಚಲಿಸುವ ಡಿಕ್ಕಿಗೆ ಮುಂಬಯಿಯಲ್ಲಿ ಉದಾಹರಣೆ ಹುಡುಕಬೇಕೇ? ಬೆಳಿಗ್ಗೆ ಎಂಟೂವರೆಯ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಹಿಂದಿನಿಂದ ಓಡಿ ಬಂದವನೊಬ್ಬ ಬಾಗಿಲ ಬಳಿಯ ಗುಂಪಿಗೆ ಬಡಿದರೆ ಆಮೇಲೆ ಅವನಿಗೆ ಸ್ವಂತ ವೇಗ ಎಂಬುದಿಲ್ಲ. ಅವನು ತಂದ ಸಂವೇಗ ಇಡೀ ಗುಂಪಿಗೆ ಹಂಚಿಹೋಗಿ, ಎಲ್ಲರೂ ಒಂದಿಷ್ಟಿಷ್ಟು ಒಳಗೆ ಸರಿಯುತ್ತಾರೆ. ಮಾಣಿಗೆ ಇದು ಎರಡು ತಿಂಗಳ ಸ್ವಂತ ಅನುಭವ. ಅವನು ಮೊದಲ ಸಲ ನಕ್ಕದ್ದು ಆಗ.

ಎರಡನೆಯ ಪ್ರಶ್ನೆ ಕಷ್ಟದ್ದು. ಒಂದೇ ತೂಕದ ಎರಡು ಚೆಂಡು, ಒಂದು ನಿಂತಿದೆ, ಇನ್ನೊಂದು ನೇರವಾಗಿ ಬಂದು ಬಡಿಯುತ್ತದೆ. ಪೂರ್ತಿ ಪುಟಿಯುವ ಚೆಂಡುಗಳು. ಮಾಣಿ "ಎರಡೂ ಅರ್ಧರ್ಧ ವೇಗದಲ್ಲಿ ಮುಂದೆ ಹೋಗುತ್ತವೆ" ಎಂದು ಬರೆದ. ಒತ್ತಿದಾಗ ಬಂದದ್ದು ಗಕ್ಕನೆ ನಿಂತಿತು, ನಿಂತದ್ದು ಅದೇ ವೇಗದಲ್ಲಿ ಹೊರಟಿತು. ಅರ್ಧರ್ಧ ಹೋದರೂ ಸಂವೇಗದ ಲೆಕ್ಕ ಸರಿಯಾಗುತ್ತಿತ್ತಲ್ಲ, ಹಾಗಾದರೆ ಇದೇ ಯಾಕೆ?

ಇದಕ್ಕೆ ಹೈಗೆನ್ಸ್ ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಅವನ ಈ ಪುಸ್ತಕ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1703ರಲ್ಲಿ. ಕಾಲುವೆಯಲ್ಲಿ ಸಾಗುವ ದೋಣಿಯಲ್ಲಿ ಒಬ್ಬ ನಿಂತು ಚೆಂಡುಗಳನ್ನು ಡಿಕ್ಕಿ ಹೊಡೆಸುತ್ತಾನೆ, ದಡದಲ್ಲಿ ನಿಂತ ಇನ್ನೊಬ್ಬ ಅದೇ ಡಿಕ್ಕಿಯನ್ನು ನೋಡುತ್ತಾನೆ. ನಮಗೆ ದೋಣಿಯ ಬದಲು ಲೋಕಲ್ ಟ್ರೇನು ಇದೆ. ಡೊಂಬಿವಲಿಯಿಂದ ಠಾಣೆಯ ದಾರಿಯಲ್ಲಿ ಫಾಸ್ಟ್ ಗಾಡಿಯ ಪಕ್ಕ ಸ್ಲೋ ಗಾಡಿಯೊಂದು ಬಂದರೆ, ಅದೂ ಮುಂದಕ್ಕೇ ಹೋಗುತ್ತಿದ್ದರೂ ನಮಗೆ ಹಿಂದೆ ಸರಿದಂತೆ ಕಾಣುತ್ತದೆ. ಈಗ ನೋಡಿ: ಗಾಡಿಯ ಒಳಗೆ ಎರಡು ಸಮತೂಕದ ಚೆಂಡುಗಳು ತಲಾ 1ರ ವೇಗದಲ್ಲಿ ಎದುರುಬದುರು ಬಂದು ಬಡಿದು, ತಲಾ 1ರ ವೇಗದಲ್ಲಿ ವಾಪಸ್ ಪುಟಿಯುತ್ತವೆ. ಎರಡೂ ಸಮಾನವಾದ್ದರಿಂದ ಬೇರೆ ಏನಾಗಲೂ ಕಾರಣವಿಲ್ಲ. ಗಾಡಿಯೇ 1ರ ವೇಗದಲ್ಲಿ ಮುಂದೆ ಹೋಗುತ್ತಿದ್ದರೆ ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೆ ಕಾಣುವುದೇನು? ಎಲ್ಲಕ್ಕೂ ಒಂದೊಂದು ಕೂಡಿಸಿ. ಡಿಕ್ಕಿಗೆ ಮೊದಲು ಒಂದು ಚೆಂಡು 2ರಲ್ಲಿ ಬರುತ್ತಿದೆ, ಇನ್ನೊಂದು ನಿಂತಿದೆ. ಆಮೇಲೆ ಮೊದಲಿನದು ನಿಂತಿದೆ, ಎರಡನೆಯದು 2ರಲ್ಲಿ ಹೊರಟಿದೆ. ಒಳಗಿನವನೂ ಹೊರಗಿನವನೂ ನೋಡಿದ್ದು ಒಂದೇ ಡಿಕ್ಕಿ.

ಇದನ್ನು ಸಿಮ್ಯುಲೇಶನ್ನಿನಲ್ಲಿ ಎರಡೂ ರೀತಿ ಇಟ್ಟು ನೋಡಿದೆವು. ಪರದೆಯ ಮೇಲೆ ಇಂಗ್ಲಿಷ್ ಬಹಳ ಕಡಿಮೆ, ಬರೀ ಬಾಣ ಮತ್ತು ಅಂಕಿ. ಅದರ ಮೇಲೆ ನಮ್ಮ ಕನ್ನಡ ಹೊದಿಸಿಕೊಳ್ಳಲು ಏನೂ ಅಡ್ಡಿಯಿರಲಿಲ್ಲ. ಹುಡುಗನಿಗೆ ಕಷ್ಟವಾಗಿದ್ದದ್ದು ಭೌತಶಾಸ್ತ್ರವಲ್ಲ, ಅದನ್ನು ಮೊದಲ ಸಲ ಕೇಳುವಾಗಲೇ ಹೊಸ ಭಾಷೆಯೊಂದರಲ್ಲಿ ಕೇಳಬೇಕಾಗಿ ಬಂದದ್ದು. ಮುಂಬಯಿಯ ಕನ್ನಡ ಶಾಲೆಗಳಿಂದ ಬರುವ ಮಕ್ಕಳಿಗೂ ಹನ್ನೊಂದನೆಯಲ್ಲಿ ಇದೇ ಆಗುತ್ತದೆ. ಸಂವೇಗ ಎಂದರೆ ಏನು ಎಂದು ಗೊತ್ತಿದ್ದವನಿಗೆ 'ಮೊಮೆಂಟಮ್' ಒಂದು ಪದ ಮಾತ್ರ. ಗೊತ್ತಿಲ್ಲದವನಿಗೆ ಅದೇ ಒಂದು ಗೋಡೆ.

ಇಷ್ಟು ಹೊತ್ತು ಈಜಿಚೇರಿನಲ್ಲಿ ಪೇಪರು ಓದುತ್ತಿದ್ದ ಅಪ್ಪ ಎದ್ದು ಬಂದರು. "ಚೆಂಡು ನಿಂತ್ಕಂತ್ ಅಂತ್ಯಲ್ಲ, ಕೇರಂನಲ್ಲಿ ಸ್ಟ್ರೈಕರ್ ಎಲ್ಲಿ ನಿಲ್ತ್? ಹಿಂದೇ ಹೋಯ್ ಬೀಳ್ತ್" ಅಂದರು. ಹೋಟೆಲಿನ ಮಾಳಿಗೆಯ ಕೋಣೆಯಲ್ಲಿ ಹನ್ನೆರಡು ಜನ ಮಲಗುತ್ತಿದ್ದ ಕಾಲದಿಂದ ಅಪ್ಪನಿಗೆ ಕೇರಂ ಹುಚ್ಚು. ಪಾಕೆಟ್ಟಿನ ಬಾಯಲ್ಲಿರುವ ಪಾನಿಗೆ ನೇರ ಹೊಡೆದರೆ ಪಾನಿನ ಹಿಂದೆ ಸ್ಟ್ರೈಕರೂ ಬಿದ್ದು ಡ್ಯೂ ಕಟ್ಟಬೇಕಾಗುತ್ತದೆ ಎಂಬುದು ಆಡಿದವರಿಗೆಲ್ಲ ಗೊತ್ತು.

ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದೆವು. ಸ್ಟ್ರೈಕರ್ 15 ಗ್ರಾಂ, ಪಾನು 5 ಗ್ರಾಂ. ಮೂರಕ್ಕೆ ಒಂದು. ಅದೇ ಪ್ರಮಾಣವನ್ನು ಸಿಮ್ಯುಲೇಶನ್ನಿನಲ್ಲಿ ಇಟ್ಟೆವು. ಪೂರ್ತಿ ಪುಟಿಯುವುದಾದರೆ ಭಾರದ್ದು ಅರ್ಧ ವೇಗದಲ್ಲಿ ಮುಂದುವರಿಯಿತು, ಹಗುರದ್ದು ಒಂದೂವರೆ ಪಟ್ಟು ವೇಗದಲ್ಲಿ ಓಡಿತು. ಹದಿನೈದರ ಅರ್ಧ ಏಳೂವರೆ, ಐದರ ಒಂದೂವರೆ ಪಟ್ಟು ಏಳೂವರೆ. ಸೇರಿಸಿದರೆ ಹದಿನೈದು. ಅಪ್ಪ ಐವತ್ತು ವರ್ಷ ಕಟ್ಟಿದ ಡ್ಯೂಗಳ ಲೆಕ್ಕ ಅದು. ಸಮತೂಕದ ಚೆಂಡು ನಿಲ್ಲುತ್ತದೆ, ಮೂರು ಪಟ್ಟು ತೂಕದ ಸ್ಟ್ರೈಕರ್ ನಿಲ್ಲುವುದಿಲ್ಲ.

ಆಗ ಮಾಣಿ ಕೇಳಿದ ಪ್ರಶ್ನೆಗಾಗಿಯೇ ನಾನು ಈ ಲೇಖನ ಬರೆಯಲು ಕೂತದ್ದು. "ಮಾವ, ಇದು ನಿಜಕ್ಕೂ ಹೀಗೇ ಆಗುವುದಾ, ಅಲ್ಲ ಯಾರೋ ಹೀಗೆ ಆಗ್ಲಿ ಅಂತ ಕೋಡ್ ಬರೆದಿದ್ದಾರಾ?"

ದಿನವೂ ಕೋಡ್ ಬರೆಯುವ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ! ಸಿಮ್ಯುಲೇಶನ್ನಿನಲ್ಲಿ ಸಂವೇಗ ಉಳಿಯುವುದು ಅದನ್ನು ಬರೆದವರು ಆ ನಿಯಮವನ್ನು ಒಳಗೆ ಇಟ್ಟಿರುವುದರಿಂದ. ನಾನು ಒಂದು ಮೈನಸ್ಸನ್ನು ತಪ್ಪಾಗಿ ಬರೆದರೆ ಪರದೆಯ ಚೆಂಡುಗಳು ಅಷ್ಟೇ ಧೈರ್ಯವಾಗಿ, ಅಷ್ಟೇ ಚೆಂದವಾಗಿ ಸುಳ್ಳು ತೋರಿಸುತ್ತವೆ. ನಿಯಮ ಏನು ಹೇಳುತ್ತದೆ ಎಂದು ಸಿಮ್ಯುಲೇಶನ್ ತಿಳಿಸಿಕೊಡಬಲ್ಲದು, ನಿಯಮ ನಿಜವೋ ಎಂಬುದಕ್ಕೆ ಅದು ಸಾಕ್ಷಿಯಲ್ಲ. "ಕೋಡೇ ಬರೆದಿರುವುದು. ನಿಜವಾ ಅಂತ ನೋಡ್ಬೇಕಾದ್ರೆ ಬೋರ್ಡ್ ತಗೊಂಡು ಬಾ" ಅಂದೆ.

ಮಂಚದ ಅಡಿಯಿಂದ ಅಪ್ಪನ ಬೋರ್ಡು ಹೊರಬಂತು. ಎರಡು ಸ್ಟೂಲಿನ ಮೇಲೆ ಹಲಗೆ ಅಡ್ಡ ಇಟ್ಟು, ಅದರ ಅಂಚಿಗೆ ನನ್ನ ಮೊಬೈಲನ್ನು ಕೆಳಮುಖವಾಗಿ ಕಟ್ಟಿದೆವು. ಸ್ಲೋ ಮೋಶನ್‌ನಲ್ಲಿ ಅದು ಸೆಕೆಂಡಿಗೆ 240 ಫ್ರೇಮ್ ಹಿಡಿಯುತ್ತದೆ. ಬೋರ್ಡಿನ ಮೇಲೆ ಸ್ಟೀಲಿನ ಅಡಿಪಟ್ಟಿ, ಪೌಡರು ಧಾರಾಳ. ಹೊಡೆಯುವವರು ಅಪ್ಪ. ಹತ್ತು ಫ್ರೇಮಿನಲ್ಲಿ ಎಷ್ಟು ಸೆಂಟಿಮೀಟರು ಸರಿಯಿತೋ ಅದೇ ನಮ್ಮ ವೇಗ. ಪಾನು ಒಂಚೂರು ಓರೆಯಾಗಿ ಹೋದರೂ ಆ ಹೊಡೆತ ಬಿಟ್ಟುಬಿಡುವುದು. ಹದಿನೇಳು ಹೊಡೆತದಲ್ಲಿ ನಾಲ್ಕು ನೇರವಾದವು. ಅದರಲ್ಲಿ ಒಂದರ ಲೆಕ್ಕ ಮಾಣಿಯ ನೋಟ್‌ಬುಕ್ಕಿನಲ್ಲಿ ಹೀಗಿದೆ:

ಡಿಕ್ಕಿಗೆ ಮೊದಲು ಸ್ಟ್ರೈಕರ್ 8.3. ಹದಿನೈದರಿಂದ ಗುಣಿಸಿದರೆ 124.5. ಡಿಕ್ಕಿಯ ನಂತರ ಸ್ಟ್ರೈಕರ್ 4.5, ಅದರ ಸಂವೇಗ 67.5. ಪಾನು 11, ಅದರ ಸಂವೇಗ 55. ಒಟ್ಟು 122.5.

ನೂರಿಪ್ಪತ್ತನಾಲ್ಕೂವರೆ ಹೋಗಿ ನೂರಿಪ್ಪತ್ತೆರಡೂವರೆ. ಡೊಂಬಿವಲಿಯ ಫ್ಲಾಟಿನಲ್ಲಿ, ಹಗ್ಗ ಕಟ್ಟಿದ ಮೊಬೈಲಿನಲ್ಲಿ! "ಎರಡು ಎಲ್ಲಿ ಹೋಯ್ತು?" ಅಂತ ಮಾಣಿ ಕೇಳಿದ. ಸ್ವಲ್ಪ ನಮ್ಮ ಅಳತೆಯ ತಪ್ಪಿರಬಹುದು, ಸ್ವಲ್ಪ ಬೋರ್ಡಿನ ಘರ್ಷಣೆ ತಿಂದಿರಬಹುದು. ಪೌಡರು ಹಾಕುವುದೇ ಅದಕ್ಕೆ. ಆದರೆ ಚಲನಶಕ್ತಿಯ ಲೆಕ್ಕ ಹಾಕಿದಾಗ ನೂರರಲ್ಲಿ ಹನ್ನೆರಡು ಪಾಲು ಕಾಣೆಯಾಗಿತ್ತು. ಅಂದರೆ ಸ್ಟ್ರೈಕರು, ಪಾನು ಪೂರ್ತಿ ಪುಟಿಯುವಂಥವಲ್ಲ. ಬೇರ್ಪಡುವ ವೇಗ ಆರೂವರೆ, ಹತ್ತಿರ ಬಂದ ವೇಗ 8.3, ಭಾಗಿಸಿದರೆ ನೂರಕ್ಕೆ 78. ಸಿಮ್ಯುಲೇಶನ್ನಿನ ಪುಟಿತವನ್ನು 78ಕ್ಕೆ ಇಳಿಸಿ, ವೇಗ 0.83 ಇಟ್ಟು ಒತ್ತಿದೆವು. ಪರದೆಯ ಮೇಲೆ 0.46, 1.11 ಎಂದು ಬಂತು. ನಮ್ಮ ಬೋರ್ಡಿನಲ್ಲಿ ಬಂದದ್ದು 4.5, 11. ಮಾಣಿ ಸುಮಾರು ಹೊತ್ತು ಎರಡನ್ನೂ ನೋಡುತ್ತ ಕೂತ. ಕೋಡ್ ಬರೆದವರು ಸುಳ್ಳು ಹೇಳಿಲ್ಲ ಎಂದು ಅವನಿಗೆ ಖಾತ್ರಿಯಾದದ್ದು ನನ್ನ ಮಾತಿನಿಂದಲ್ಲ.

ರಾತ್ರಿ ಮಲಗುವಾಗ ಇನ್ನೊಂದು ಪ್ರಶ್ನೆ ಬಂತು. "ಹೊಡೆದಾಗ ಟಕ್ ಅಂತ ಸದ್ದಾಯ್ತು, ಬಿಸಿ ಆಯ್ತು, ಅದಕ್ಕೆ ಶಕ್ತಿ ಹೋಯ್ತು ಸರಿ. ಸಂವೇಗ ಯಾಕೆ ಹಾಗೆ ಹೋಗುವುದಿಲ್ಲ?" ನನಗೆ ಅರ್ಧ ಉತ್ತರ ಗೊತ್ತಿತ್ತು. ಆದರೂ ಹೇಳಲಿಲ್ಲ. "ಇದನ್ನ ನಾಡಿದ್ದು ಕಾಲೇಜಲ್ಲಿ ಕೇಳು" ಅಂದೆ. ಅವನ ಮುಖ ಸಣ್ಣದಾಯಿತು.

ಮಂಗಳವಾರ ನಾನು ಆಫೀಸಿನ ಮೀಟಿಂಗಿನಲ್ಲಿ ಕೂತಿದ್ದರೂ ಮನಸ್ಸೆಲ್ಲ ಆ ತರಗತಿಯಲ್ಲಿತ್ತು. ಸಂಜೆ ಮಾಣಿ ಹೇಳಿದ: ಇಂಗ್ಲಿಷಿನಲ್ಲಿ ಶುರುಮಾಡಿ, ನಡುವೆ ಸಿಕ್ಕಿಹಾಕಿಕೊಂಡು, ಹಿಂದಿಯಲ್ಲಿ ಮುಗಿಸಿದನಂತೆ. ಹಿಂದಿನ ಬೆಂಚಿನಲ್ಲಿ ಇಬ್ಬರು ನಕ್ಕರಂತೆ. ಸರ್ ಮಾತ್ರ ಪಾಠ ನಿಲ್ಲಿಸಿ ಬೋರ್ಡಿನ ಮೇಲೆ ಚಿತ್ರ ಬಿಡಿಸಿದರಂತೆ. ಡಿಕ್ಕಿಯಾದಾಗ ಒಳಗಿನ ಕಣಗಳು ಎಲ್ಲ ದಿಕ್ಕಿಗೂ ನಡುಗುತ್ತವೆ. ಸಂವೇಗಕ್ಕೆ ದಿಕ್ಕಿದೆ, ಆದ್ದರಿಂದ ಆ ನಡುಕದಲ್ಲಿ ಎಡದ್ದೂ ಬಲದ್ದೂ ಹೊಡೆದುಹೋಗಿ ಒಟ್ಟು ಸೊನ್ನೆ. ಶಕ್ತಿಗೆ ದಿಕ್ಕಿಲ್ಲ, ಆದ್ದರಿಂದ ಎಲ್ಲ ನಡುಕವೂ ಕೂಡುತ್ತಲೇ ಹೋಗುತ್ತದೆ, ಅದೇ ಬಿಸಿ. "ಮತ್ತೆ ಆ ಸೊನ್ನೆಯೇ ಮಾವ" ಅಂದ.

ಅವನು ಕಾಮರ್ಸಿಗೆ ಹೋಗಲಿಲ್ಲ, ಊರಿಗೂ ಹೋಗಲಿಲ್ಲ. ಮುಂದಿನ ಟೆಸ್ಟಿನಲ್ಲಿ 25ಕ್ಕೆ 14 ಬಂತು. ಮಹಾ ಅಂಕವೇನಲ್ಲ, ರಸಾಯನಶಾಸ್ತ್ರ ಇನ್ನೂ ಒದ್ದಾಟವೇ. ಆದರೆ ನೋಟ್‌ಬುಕ್ ಎರಡನೆಯದಕ್ಕೆ ಬಂದಿದೆ. ತಪ್ಪಾದ ಊಹೆಗಳ ಕೆಳಗಿನ ಸಾಲುಗಳು ಈಗ ಅರ್ಧ ಕನ್ನಡ, ಅರ್ಧ ಇಂಗ್ಲಿಷು.

ನಿಮ್ಮ ಮನೆಯಲ್ಲೂ ಇಂಥ ಮಗುವೊಂದಿದ್ದರೆ ಸಿಮ್ಯುಲೇಶನ್ ತೆರೆದುಕೊಡಿ. ಪರದೆಯ ಮುಂದೆ ಹತ್ತು ಸಲ ತಪ್ಪಿದರೂ ನಗುವವರಿಲ್ಲ, ಅದರ ದೊಡ್ಡ ಉಪಕಾರ ಅದೇ. ಆದರೆ ಕೊಟ್ಟು ಮಾರ್ಕೆಟ್ಟಿಗೆ ಹೋಗಬೇಡಿ, ಪಕ್ಕದಲ್ಲಿ ಕೂತು ನೀವೂ ನಿಮ್ಮ ಊಹೆ ಬರೆಯಿರಿ. ಮಂಚದ ಅಡಿಯ ಕೇರಂ ಬೋರ್ಡನ್ನೂ ಹೊರಗೆ ತೆಗೆಯಿರಿ.

ಕಳೆದ ಭಾನುವಾರ ಅಪ್ಪ ಪಾಕೆಟ್ಟಿನ ಬಾಯಲ್ಲಿದ್ದ ಪಾನಿಗೆ ನೇರ ಹೊಡೆದರು. ಪಾನು ಬಿತ್ತು, ಹಿಂದೆಯೇ ಸ್ಟ್ರೈಕರೂ ಬಿತ್ತು. "ಅರ್ಧ ವೇಗ ಉಳೀತದೆ ಅಂತ ಗೊತ್ತಿದ್ದೂ ಹೊಡೆದ್ರಲ್ಲ ಅಜ್ಜ" ಅಂದ ಮಾಣಿ. ಅಪ್ಪ ಡ್ಯೂ ಇಡುತ್ತ, "ಗೊತ್ತಿರುದು ಬೇರೆ, ಕೈ ಕೇಣುದು ಬೇರೆ ಮಾಣಿ" ಅಂದರು.